ಮಳೆಗಾಲದ ಶೀತಕ್ಕೆ ವಿಟಮಿನ್ ಮಾತ್ರೆ ರಕ್ಷೆಯೇ?

ಜೂನ್ ತಿಂಗಳಲ್ಲಿ ಶಾಲೆ ತೆರೆದು ಮಳೆ ಹಿಡಿಯಿತೆಂದರೆ ಉಡುಪಿಯ ಔಷಧಿ ಅಂಗಡಿಗಳಲ್ಲಿ ಈ ಮಾತು ಕೇಳಿಬರುತ್ತದೆ: "ಮಗುವಿಗೆ ಬಿಡದ ಶೀತ, ಒಂದು ವಿಟಮಿನ್ ಸಿ ಕೊಡಿ ಮಾರಾಯ್ರೆ." ಕಿತ್ತಳೆ ರುಚಿಯ ಮಾತ್ರೆ, ಮಕ್ಕಳು ಚಪ್ಪರಿಸುತ್ತಾರೆ, ಹೆತ್ತವರಿಗೂ ಸಮಾಧಾನ. ಆದರೆ ಇದರಿಂದ ಶೀತ ದೂರವಾಗುತ್ತದೆಯೇ?

ಈ ನಂಬಿಕೆಯನ್ನು ಹರಡಿದವರು ಸಾಮಾನ್ಯರಲ್ಲ. ಎರಡು ಬಾರಿ ನೊಬೆಲ್ ಪಡೆದ ಲೈನಸ್ ಪೌಲಿಂಗ್. 1970ರಲ್ಲಿ ಅವರು ಇದಕ್ಕಾಗಿ ಪುಸ್ತಕವನ್ನೇ ಬರೆದರು. 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಕಂಡದ್ದೇ ಬೇರೆ. ದಿನವೂ 'ಸಿ' ಜೀವಸತ್ವ ಸೇವಿಸಿದ ಸಾಮಾನ್ಯ ಜನರಿಗೂ ಸೇವಿಸದವರಿಗೂ ಶೀತ ಬರುವುದು ಹೆಚ್ಚುಕಡಿಮೆ ಒಂದೇ. ಬಂದ ಶೀತ ದೊಡ್ಡವರಲ್ಲಿ ಶೇಕಡಾ 8ರಷ್ಟು, ಮಕ್ಕಳಲ್ಲಿ ಶೇಕಡಾ 14ರಷ್ಟು ಬೇಗ ಇಳಿದೀತು. ಏಳು ದಿನದ ಶೀತದಲ್ಲಿ ದೊಡ್ಡವರಿಗೆ ಉಳಿಯುವುದು ಅರ್ಧ ದಿನ! ಸೀನು ಶುರುವಾದ ಮೇಲೆ ಅಂಗಡಿಗೆ ಓಡಿದವರಿಗೆ ಖಚಿತ ಪ್ರಯೋಜನ ಕಾಣಲಿಲ್ಲ. ಮ್ಯಾರಥಾನ್ ಓಟಗಾರರು, ಕೊರೆಯುವ ಚಳಿಯಲ್ಲಿ ದುಡಿಯುವ ಸೈನಿಕರು ಮುಂತಾದವರಲ್ಲಿ ಮಾತ್ರ ಶೀತದ ಸಂಭವ ಅರ್ಧಕ್ಕೆ ಇಳಿಯಿತು.

ದೇಹಕ್ಕೆ ಈ ಜೀವಸತ್ವ ಬೇಕು, ನಿಜ. ಕಾರ್ಕಳದ ಗುಡ್ಡಗಳಲ್ಲಿ ಬೀಜ ತಿರುವಿಕೊಂಡು ಮರದ ಬುಡದಲ್ಲೇ ಬಿಟ್ಟುಬರುವ ಗೇರುಹಣ್ಣಿನಲ್ಲಿ ಕಿತ್ತಳೆಗಿಂತ ಹಲವು ಪಟ್ಟು ಇದೆ. ನೆಲ್ಲಿಕಾಯಿ, ಪೇರಳೆಯಲ್ಲೂ ಧಾರಾಳ. ನಾವು ಬೀಜಕ್ಕೆ ಬೆಲೆ ಕಟ್ಟಿ ಹಣ್ಣನ್ನು ನೊಣಗಳಿಗೆ ಬಿಡುತ್ತೇವೆ, ಆಮೇಲೆ ಮಾತ್ರೆ ಕೊಳ್ಳುತ್ತೇವೆ.

'ಡಿ' ಜೀವಸತ್ವದ ವಿಷಯದಲ್ಲಿ 2017ರ ಒಂದು ವಿಶ್ಲೇಷಣೆ, ತೀವ್ರ ಕೊರತೆ ಇದ್ದವರಲ್ಲಿ ಮುಖ್ಯವಾಗಿ, ಆಸೆ ಹುಟ್ಟಿಸಿತ್ತು. ಹೊಸ ಅಧ್ಯಯನಗಳನ್ನು ಸೇರಿಸಿ ನೋಡಿದಾಗ 2025ರ ಹೊತ್ತಿಗೆ ಆ ಆಸೆಯೂ ಮಸುಕಾಯಿತು. ವಾರಕ್ಕೊಂದರಂತೆ ಬರೆದುಕೊಟ್ಟ 60,000 ಯೂನಿಟ್‌ನ ಗುಳಿಗೆಯನ್ನು ದಿನಾ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಪೆಟ್ಟು. ದಡಾರ ತಗಲಿದ ಮಗುವಿಗೆ ವೈದ್ಯರು 'ಎ' ಜೀವಸತ್ವ ಕೊಡುವುದು ಬೇರೆ ಮಾತು. ಅದು ಪ್ರಾಣ ಉಳಿಸಬಲ್ಲದು.

ಹಣ ಹೋದರೆ ಹೋಗಲಿ, ನನ್ನ ಚಿಂತೆ ಕಳೆದುಹೋಗುವ ದಿನಗಳದು. ಕಾಪುವಿನ ಕಡಲ ಬದಿಯ ಮನೆಯಲ್ಲಿ ಅಜ್ಜ ತಿಂಗಳಿಂದ ಕೆಮ್ಮುತ್ತಿದ್ದಾರೆ ಎನ್ನಿ. "ನಿತ್ರಾಣ, ಟಾನಿಕ್ ಕೊಡೋಣ" ಎನ್ನುತ್ತಾರೆ ಮನೆಯವರು. ಅದು ಕ್ಷಯವಾಗಿದ್ದರೆ, ಟಾನಿಕ್ ಮುಗಿಯುವಷ್ಟರಲ್ಲಿ ಪಕ್ಕದಲ್ಲಿ ಮಲಗುವ ಮೊಮ್ಮಗುವಿಗೂ ಅಂಟಬಹುದು. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಅದಕ್ಕೆ ಮಣಿಪಾಲದವರೆಗೆ ಹೋಗಬೇಕೆಂದಿಲ್ಲ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಪರೀಕ್ಷೆಯೂ ಔಷಧಿಯೂ ಉಚಿತ. ಅವರು ಕೊಟ್ಟ ಡಬ್ಬಿಯಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮಿ ತೆಗೆದ ಕಫವನ್ನು ಕೊಡಿ. ಬರೀ ಎಂಜಲು ಸಾಲದು.