ಶಾಲೆಯ ಅಂಗಳದ ಮಳೆನೀರು

(ಶತಮಾನೋತ್ಸವದ ಹಳೆ ವಿದ್ಯಾರ್ಥಿ ಸಂಗಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಶತಮಾನೋತ್ಸವದ ನೆನಪಿಗಾಗಿ ಶಾಲೆಯ ಅಂಗಳಕ್ಕೆ ಇಂಟರ್‌ಲಾಕ್ ಹಾಸುವ ಸಂಕಲ್ಪ ನಡೆದಿದೆ. ಇದೇ ಅಂಗಳದ ಕೆಸರಿನಲ್ಲಿ ಹಲವು ಬಾರಿ ಜಾರಿಬಿದ್ದ ನನಗೆ ಅದರ ಬೆಲೆ ಗೊತ್ತು. ಆದರೆ ಹಾಸುವ ಮೊದಲು ಒಂದು ಲೆಕ್ಕ ಮಾಡೋಣವೆಂದು ಕೇಳಿಕೊಳ್ಳಲು ನಿಂತಿದ್ದೇನೆ. ವೃತ್ತಿಯ ಆರಂಭದ ದಿನಗಳಲ್ಲಿ ಈ ಲೆಕ್ಕ ಮಾಡದೆ ನಾನು ಒಂದು ವಿಶಾಲವಾದ ಅಂಗಳಕ್ಕೆ ಕಾಂಕ್ರೀಟು ಹಾಕಿಸಿದ್ದೆ. ಮೊದಲ ಆಟಿಯ ಮಳೆಗೇ ಕೆಳಗಿನ ಮನೆಯ ಆವರಣಗೋಡೆ ಕುಸಿಯಿತು. ಆ ಮನೆಯ ಅಜ್ಜಿ ನನ್ನನ್ನು ಬೈಯಲಿಲ್ಲ. "ಮಗಾ, ಮೊದಲೂ ಮಳೆ ಬರುತ್ತಿತ್ತು, ಹೀಗೆ ನೀರು ಬರುತ್ತಿರಲಿಲ್ಲ" ಎಂದರು, ಅಷ್ಟೆ.

ನಮ್ಮ ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ನಾಲ್ಕು ತಿಂಗಳಲ್ಲಿ ಸುರಿದುಹೋಗುತ್ತದೆ. ಹಿರಿಯರು ಪದವಿನ ಮೇಲಿನ ತಗ್ಗುಗಳಿಗೆ ಒಂದು ಕಡೆ ದಂಡೆ ಕಟ್ಟಿ ಮದಕ ಮಾಡಿದರು. ಅಲ್ಲಿ ಇಂಗಿದ ನೀರು ಕೆಳಗಿನ ಸುರಂಗ, ಬಾವಿ, ತೋಡುಗಳಿಗೆ ನಿಧಾನವಾಗಿ ಒದಗುತ್ತಿತ್ತು. ಶ್ರೀ ಪಡ್ರೆಯವರು ಈ ಕುರಿತು ದಶಕಗಳಿಂದ ಬರೆದಿದ್ದಾರೆ. ನಾನು ಮತ್ತೆ ಹೇಳಬೇಕಾಗಿಲ್ಲ. ನಾನು ಹೇಳಹೊರಟಿರುವುದು ಮದಕದ ದಾಯಾದಿಯಂಥ ಒಣ ಕೊಳದ ವಿಚಾರ. ಮದಕ ನೀರನ್ನು ಉಳಿಸಿಕೊಳ್ಳುತ್ತದೆ. ಒಣ ಕೊಳ ನೀರನ್ನು ಕೆಲವು ಗಂಟೆ ತಡೆದು, ಸಣ್ಣ ಕಂಡಿಯಿಂದ ಹೊರಬಿಟ್ಟು, ಮತ್ತೆ ಬರಿದಾಗುತ್ತದೆ.

ಲೆಕ್ಕ ಏಳನೇ ತರಗತಿಯ ಮಕ್ಕಳಿಗೂ ನಿಲುಕುವಂಥದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಅಂಗಳ 4000 ಚದರ ಮೀಟರ್, ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಎಂದಿಟ್ಟುಕೊಳ್ಳಿ. ಬಿದ್ದದ್ದು ಎರಡು ಲಕ್ಷ ಲೀಟರ್. ಹುಲ್ಲಿನ ನೆಲದಿಂದ ಅದರ ಶೇಕಡಾ 30 ಹರಿದರೆ ಸೆಕೆಂಡಿಗೆ ಸುಮಾರು 17 ಲೀಟರ್. ಹಾಸಿದ ನೆಲದಿಂದ ಶೇಕಡಾ 90 ಹರಿದರೆ 50 ಲೀಟರ್. ಅಜ್ಜಿಯ ಗೋಡೆ ಬಿದ್ದದ್ದು ಈ ವ್ಯತ್ಯಾಸಕ್ಕೆ.

ಹರಿವನ್ನು ಮತ್ತೆ ಹದಿನೇಳಕ್ಕೆ ಇಳಿಸಬೇಕಾದರೆ ಎಷ್ಟು ನೀರನ್ನು ತಡೆಯಬೇಕು? 180 ಘನ ಮೀಟರಿನಲ್ಲಿ 60 ಕಳೆದು 120 ಎಂದು ಅವಸರದಲ್ಲಿ ಹೇಳಿಬಿಡಬಹುದು. ಅದು ತಪ್ಪು. ಕೊಳದಲ್ಲಿ ನೀರು ಕಡಿಮೆಯಿದ್ದಾಗ ಕಂಡಿಯ ಒತ್ತಡವೂ ಕಡಿಮೆ, ಹೊರಹರಿವೂ ಕಡಿಮೆ. ನೀರು ಏರಿದಂತೆ ಅದು ಹೆಚ್ಚುತ್ತದೆ. ಆದ್ದರಿಂದ ಐದೈದು ನಿಮಿಷಕ್ಕೊಮ್ಮೆ ಒಳಬಂದದ್ದು, ಹೊರಹೋದದ್ದು, ಉಳಿದದ್ದು ಎಂದು ಅಂಗಡಿಯ ಖಾತೆಯಂತೆ ಬರೆದುಕೊಳ್ಳುತ್ತ ಹೋಗಬೇಕು. ಕಂಪ್ಯೂಟರಿನ ಮಾದರಿ ಮಾಡುವುದೂ ಇದನ್ನೇ. ಹಾಗೆ ಬರೆದಾಗ 20 ಮೀಟರ್ ಉದ್ದ, 15 ಮೀಟರ್ ಅಗಲದ ತಗ್ಗಿಗೆ 11 ಸೆಂಟಿಮೀಟರ್ ವ್ಯಾಸದ ಕಂಡಿಯಿಟ್ಟರೆ ಸುಮಾರು 140 ಘನ ಮೀಟರ್ ಜಾಗ ಬೇಕೆಂದು ಬರುತ್ತದೆ. ನೀರಿನ ಆಳ ಅರ್ಧ ಮೀಟರಿನೊಳಗೆ. ಮಳೆ ನಿಂತ ಮೇಲೆ ನಾಲ್ಕೈದು ಗಂಟೆಗಳಲ್ಲಿ ಕೊಳ ಬರಿದು. ಮರುದಿನ ಮಕ್ಕಳು ಅಲ್ಲಿ ಕಬಡ್ಡಿ ಆಡಬಹುದು. ಇಂಗುವ ನೀರನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ.

ಎಚ್ಚರಿಕೆಯ ಮಾತೂ ಇದೆ. ಮುರಕಲ್ಲಿನ ಅಡಿಯಲ್ಲಿ ಮೆದುವಾದ ಜೇಡಿಮಣ್ಣು ಇರುವುದುಂಟು. ಕಡಿದಾದ ಇಳಿಜಾರಿನ ಅಂಚಿನಲ್ಲಿ ನೀರು ನಿಲ್ಲಿಸಿದರೆ ಬರೆ ಜರಿಯಬಹುದು. ಕಂಡಿಗೆ ತರಗೆಲೆ ಕಟ್ಟಿಕೊಂಡರೆ ಇಡೀ ಲೆಕ್ಕವೇ ಹುಸಿ. ವಾರಕ್ಕೊಮ್ಮೆ ಬಿಡಿಸುವ ಕೈ ಬೇಕು. ಕೊಳ ತುಂಬಿದ್ದಾಗ ಮಕ್ಕಳು ಇಳಿಯದಂತೆ ಬೇಲಿ ಬೇಕು. ಅದಕ್ಕೂ ಮೀರಿದ ಮಳೆಗೆ ಮೇಲಿನಿಂದ ಹರಿದುಹೋಗುವ ಕಲ್ಲುಕಟ್ಟಿದ ಕೋಡಿ ಬೇಕೇ ಬೇಕು.

ನಾನು ಹೇಳಿದ ಅಂಕೆಗಳು ಊಹೆಯ ಅಂಗಳದವು. ನಮ್ಮ ಅಂಗಳದ್ದನ್ನು ಅಳೆಯಬೇಕು. ಮಳೆಮಾಪಕವೊಂದನ್ನು ಇಂದು ತಂದಿದ್ದೇನೆ. ವಿಜ್ಞಾನದ ಅಧ್ಯಾಪಕರಿಗೆ ಒಪ್ಪಿಸುತ್ತೇನೆ. ಆಟದ ಬಯಲಿನ ತೆಂಕು ಮೂಲೆಯ ತಗ್ಗನ್ನು ಈ ಒಂದು ಮಳೆಗಾಲ ತುಂಬಿಸದೆ ಬಿಡಿ. ಮಕ್ಕಳು ಬರೆದಿಟ್ಟ ಅಂಕೆಗಳನ್ನು ಹಿಡಿದುಕೊಂಡು ಕಾರ್ತಿಕದಲ್ಲಿ ಆಡಳಿತ ಸಮಿತಿಯ ಮುಂದೆ ನಾನೇ ಬಂದು ನಿಲ್ಲುತ್ತೇನೆ. ಇಂಟರ್‌ಲಾಕ್ ಎಷ್ಟು ಹಾಸಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಆಗ ನಿರ್ಧರಿಸೋಣ.