ಲೇಖನವ್ರತವೂ ಅದರ ಫಲವೂ



ಬಂಗಾರಪೇಟೆಯಲ್ಲಿ ಮುಖ್ಯ ರೈಲುಮಾರ್ಗದಿಂದ ಕವಲೊಡೆದು ಮಾರಿಕುಪ್ಪಕ್ಕೆ ಹೋಗುವ ಹಾದಿಯಲ್ಲಿ ಪ್ರಯಾಣಮಾಡುವವರು ಸಯನೈಡು ದಿಬ್ಬಗಳನ್ನು ನೋಡದೆ ಇರಲಾರರು. ಜಾನ್ ಟೇಲರ್ ಕಂಪೆನಿಯವರು 1880ರಲ್ಲಿ ಕೋಲಾರದ ಚಿನ್ನದ ಗಣಿಗಳ ಕೆಲಸವನ್ನು ಕೈಗೊಂಡಂದಿನಿಂದ 2001ನೆಯ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ, ಭೂಗರ್ಭದಿಂದೆತ್ತಿ, ಕುಟ್ಟಿ ಪುಡಿಮಾಡಿ, ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಕಲ್ಲಿನ ಹುಡಿಯೇ ಈ ದಿಬ್ಬಗಳು. ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿತ್ತು. ಅಷ್ಟು ಶ್ರಮಪಟ್ಟರೂ ಕೊನೆಯ ವರ್ಷಗಳಲ್ಲಿ ಒಂದು ಟನ್ನು ಕಲ್ಲಿಗೆ ದೊರೆಯುತ್ತಿದ್ದ ಚಿನ್ನವು ಕೆಲವೇ ಗ್ರಾಂಗಳು.

ಮನುಷ್ಯನ ಆಲೋಚನೆಗಳ ಸ್ಥಿತಿಯೂ ಹೀಗೆಯೇ ಇದೆ. ತನ್ನ ಅಂತರಂಗದಲ್ಲಿ ಚಿನ್ನವಿದೆಯೆಂದು ಪ್ರತಿಯೊಬ್ಬನೂ ನಂಬಿರುತ್ತಾನೆ. ಕಲ್ಲು ನೆಲದೊಳಗೆ ಇರುವವರೆಗೆ ಆ ನಂಬಿಕೆಗೆ ಭಂಗವಿಲ್ಲ, ಆದರೆ ಅದರಿಂದ ಪ್ರಯೋಜನವೂ ಇಲ್ಲ. ಬರೆಯುವುದೆಂದರೆ ಕಲ್ಲನ್ನು ಮೇಲಕ್ಕೆತ್ತುವುದು. ಬರೆದುದನ್ನು ಪ್ರಕಟಿಸುವುದೆಂದರೆ ಅದನ್ನು ಕುಟ್ಟಿ ಪರೀಕ್ಷೆಗೆ ಒಡ್ಡುವುದು. ತನ್ನ ಪೆಟ್ಟಿಗೆಯಲ್ಲಿ ಬೀಗಹಾಕಿಟ್ಟ ಬರಹವನ್ನು ಯಾರೂ ಪ್ರಶ್ನಿಸುವುದಿಲ್ಲ. ನಾಲ್ವರ ಮುಂದಿಡುವ ಬರಹವನ್ನಾದರೋ ಬರೆಯುವಾತನು ತಾನೇ ಮೊದಲು ಪ್ರಶ್ನಿಸಬೇಕಾಗುತ್ತದೆ. ಈ ವ್ರತದ ಪ್ರಥಮ ಲಾಭವು ಓದುಗರಿಗಿಂತ ಮುಂಚೆ ಬರೆಯುವವನಿಗೇ ಸಲ್ಲುತ್ತದೆ.

ಇದಕ್ಕೆ ದೃಷ್ಟಾಂತವನ್ನು ಬಹುದೂರ ಅರಸಬೇಕಾಗಿಲ್ಲ. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರಿಗೆ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಜಯವಾಗಲಿಲ್ಲ. ಜೀವನೋಪಾಯಕ್ಕಾಗಿ ಅವರು ಇದೇ ಗಣಿಯೂರಿನ ಸೋಡಾ ಕಾರ್ಖಾನೆಯಲ್ಲಿ ಕೆಲಸಮಾಡಿದರು. ಬಳಿಕ ಬೆಂಗಳೂರಿಗೆ ಹೋಗಿ, ಗಾಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯನ್ನು ಸೇರಿದರು. ಅಲ್ಲಿಂದ ಪತ್ರಿಕಾವೃತ್ತಿಗೆ ಬಂದು, 1907ರಲ್ಲಿ ‘ಭಾರತಿ’ ದಿನಪತ್ರಿಕೆಯನ್ನೂ 1913ರಿಂದ ವಾರಕ್ಕೆರಡು ಬಾರಿ ಹೊರಡುವ ‘ಕರ್ಣಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನೂ ನಡೆಸಿದರು. ಆ ಪತ್ರಿಕೆಗಳು ಬಹುಕಾಲ ಬಾಳಲಿಲ್ಲ. ಲೌಕಿಕ ಲೆಕ್ಕದಲ್ಲಿ ಇದು ನಷ್ಟವೇ ಸರಿ. ಆದರೆ ವಾರಕ್ಕೆರಡು ಸಲ ರಾಜ್ಯದ ಆಯವ್ಯಯವನ್ನೂ ಶಾಸನಗಳನ್ನೂ ಕುರಿತು ಸಾರ್ವಜನಿಕರೆದುರಿಗೆ ಮಾತನಾಡಬೇಕಾದವನು ಓದದೆ ಬರೆಯುವಂತಿಲ್ಲ, ತಪ್ಪಿದರೆ ಅಡಗುವಂತಿಲ್ಲ. ಪಾಠಶಾಲೆಯು ಕೊಡದಿದ್ದ ಶಿಕ್ಷಣವನ್ನು ಈ ನಿರ್ಬಂಧವೇ ಕೊಟ್ಟಿತು. 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು, 1943ರಲ್ಲಿ ‘ಮಂಕುತಿಮ್ಮನ ಕಗ್ಗ’ವು ಹೊರಬಂದಿತು, ಮೆಟ್ರಿಕ್ಯುಲೇಷನ್ ದಾಟದಿದ್ದವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಡಿ. ಲಿಟ್. ಪದವಿಯನ್ನಿತ್ತು ಗೌರವಿಸಿತು.

ಪತ್ರಿಕೆಯೇ ವೃತ್ತಿಯಾದವರಿಗೆ ಇದು ಸಾಧ್ಯ, ಉದ್ಯೋಗಸ್ಥರಿಗೆ ಬಿಡುವೆಲ್ಲಿ ಎಂದು ಕೆಲವರು ಆಕ್ಷೇಪಿಸಬಹುದು. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರ್ಕಾರದ ಅಧಿಕಾರಿಗಳಾಗಿದ್ದರು. ಕಚೇರಿಯ ಕಾಗದಪತ್ರಗಳ ನಡುವೆಯೇ ಅವರು ‘ಶ್ರೀನಿವಾಸ’ ಎಂಬ ಹೆಸರಿನಿಂದ ಕಥೆಗಳನ್ನು ಬರೆದರು. ಮೊದಲ ಕಥಾಸಂಗ್ರಹವು 1920ರಲ್ಲಿ ಪ್ರಕಟವಾಯಿತು. ಉದ್ಯೋಗವನ್ನು ಬಿಟ್ಟ ಬಳಿಕ 1944ರಿಂದ 1965ರವರೆಗೆ ‘ಜೀವನ’ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿದರು. ‘ಚಿಕವೀರ ರಾಜೇಂದ್ರ’ಕ್ಕೆ ಜ್ಞಾನಪೀಠ ಪ್ರಶಸ್ತಿಯು ಬಂದದ್ದು 1983ರಲ್ಲಿ, ಅವರು ತೊಂಬತ್ತು ದಾಟಿದ ಮೇಲೆ. ಬಿಡುವು ದೊರೆತ ಬಳಿಕ ಬರೆಯುವೆನೆಂದು ಅವರು ಕಾದಿದ್ದರೆ ಆ ಮೊದಲ ಕಥೆಗಳು ಹುಟ್ಟುತ್ತಲೇ ಇರಲಿಲ್ಲ.

ಹೀಗೆ ನಿಯಮದಿಂದ ಬರೆದು ಪ್ರಕಟಿಸುವವನಿಗೆ ಮೂರು ಫಲಗಳುಂಟು. ಅಸ್ಪಷ್ಟವಾಗಿದ್ದ ವಿಚಾರವು ವಾಕ್ಯವಾಗುವಾಗ ಸ್ಪಷ್ಟವಾಗುವುದು ಮೊದಲನೆಯದು. ನಾಳೆ ಬರೆಯಬೇಕಾದವನು ಇಂದು ಕಣ್ತೆರೆದು ನೋಡುವುದು ಎರಡನೆಯದು. ಅಪರಿಚಿತನೊಬ್ಬನು ತಪ್ಪನ್ನು ತೋರಿಸಿದಾಗ ತಿದ್ದಿಕೊಳ್ಳುವ ವಿನಯವು ಮೂರನೆಯದು, ಮತ್ತು ದುರ್ಲಭವಾದುದು. ಬರೆದುದರಲ್ಲಿ ಬಹುಪಾಲು ದಿಬ್ಬವನ್ನೇ ಸೇರಬಹುದು. ದಿಬ್ಬವಿಲ್ಲದ ಚಿನ್ನದ ಗಣಿಯನ್ನು ಕಂಡವರಾರು?

ಈ ಸೀಮೆಯವರಿಗೆ ಇನ್ನೊಂದು ಹೊಣೆಯೂ ಇದೆ. ಗಣಿಗಳಲ್ಲಿ ಈಗ ನೀರು ತುಂಬಿದೆ. ಅಲ್ಲಿಗೆ ಮರಳಿ ಇಳಿಯಲಾಗದು. ಕಲ್ಲು ಸಿಡಿಯುವ ಸದ್ದನ್ನು ಕತ್ತಲಲ್ಲಿ ಕೇಳಿದವರು, ಪಾಳಿ ಮುಗಿಸಿ ಬರುವವರಿಗಾಗಿ ಮನೆಬಾಗಿಲಲ್ಲಿ ಕಾದವರು ವೃದ್ಧರಾಗುತ್ತಿದ್ದಾರೆ. ಅವರ ನೆನಪುಗಳು ತಮಿಳಿನಲ್ಲಿರಲಿ, ತೆಲುಗಿನಲ್ಲಿರಲಿ, ಕನ್ನಡದಲ್ಲಿರಲಿ, ಬರಹಕ್ಕೆ ಇಳಿಯದಿದ್ದರೆ ಅವರೊಡನೆಯೇ ಹೋಗುವುವು. ಅವರ ಮಕ್ಕಳು ಮುಂಜಾನೆಯ ರೈಲಿನಲ್ಲಿ ದುಡಿಮೆಗಾಗಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಆ ಪ್ರಯಾಣದ ಹೊತ್ತಿನಲ್ಲಿ ವಾರಕ್ಕೊಂದು ಪುಟವನ್ನು ಬರೆಯಬಹುದು. ತಿಂಗಳಿಗೊಮ್ಮೆ ಅದನ್ನು ಪತ್ರಿಕೆಗೆ ಕಳುಹಿಸಬಹುದು, ಇಲ್ಲವೆ ಶಾಲೆಯ ಗೋಡೆಗಾದರೂ ಅಂಟಿಸಬಹುದು. ತಂದೆಯನ್ನು ಕೇಳಿ ಬರೆಯಲು ಹೊರಟ ಮಗನು ತಂದೆಯ ಬಳಿ ಕುಳಿತುಕೊಳ್ಳಬೇಕಾಗುತ್ತದೆ. ಆ ಲಾಭವೊಂದೇ ಸಾಕು.

ಇಂದಿನ ಈ ಸಭೆಯಿಂದ ಮನೆಗೆ ಮರಳುವವರಲ್ಲಿ ಒಬ್ಬರಾದರೂ ಇಂದಿನ ರಾತ್ರಿಯೇ ಮೊದಲ ಪುಟವನ್ನು ಬರೆಯುವಂತಾಗಲಿ. ಸರ್ವರಿಗೂ ಮಂಗಳವಾಗಲಿ.