ಮಾತನಾಡುವ ಪೆಟ್ಟಿಗೆಗೆ ನಮ್ಮೂರಿನ ಪ್ರಶ್ನೆಗಳು

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಬೆಳೆ, ಗೊಬ್ಬರಗಳ ವಿಷಯ ಹೇಳಬೇಕಾದ ನಾನು ಇಂದು ಒಂದು ಯಂತ್ರದ ವಿಷಯವನ್ನು ಎತ್ತಿಕೊಂಡಿದ್ದೇನೆ. ಇದಕ್ಕೆ ಕಾರಣವುಂಟು.

ಕಳೆದ ಮುಂಗಾರಿನಲ್ಲಿ ಹಿರಿಯ ರೈತರೊಬ್ಬರು ಭತ್ತದ ಗರಿಗಳನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಗರಿಗಳ ಮೇಲೆ ಎರಡೂ ತುದಿ ಚೂಪಾದ, ನಡುವೆ ಬೂದಿ ಬಣ್ಣದ, ಕಂದು ಅಂಚಿನ ಚುಕ್ಕೆಗಳಿದ್ದವು. ನೋಡಿದ ಕೂಡಲೇ ಬೆಂಕಿ ರೋಗವೆಂದು ತಿಳಿಯಿತು. "ಏನು ಕೊಟ್ಟಿರಿ?" ಎಂದೆ. "ಯೂರಿಯಾ ಕೊಟ್ಟೆ ಸ್ವಾಮಿ, ಮನೆಯಲ್ಲಿರುವ ಮಾತಿನ ಪೆಟ್ಟಿಗೆ ಹೇಳಿತು" ಎಂದರು.

ನಡೆದದ್ದು ಇಷ್ಟು. ಅಜ್ಜ ಹೇಳಿದ "ಬೆಂಕಿ ರೋಗ"ವನ್ನು ಮೊಮ್ಮಗ ಇಂಗ್ಲಿಷಿಗೆ ತಿರುಗಿಸಿ "ಫೈರ್ ಡಿಸೀಸ್" ಎಂದು ಕೇಳಿದ. ಇಂಗ್ಲಿಷಿನಲ್ಲಿ ಈ ರೋಗದ ಹೆಸರು "ಬ್ಲಾಸ್ಟ್". ಪೆಟ್ಟಿಗೆಗೆ ಅರ್ಥವಾಗಲಿಲ್ಲ. "ಭತ್ತದ ಗರಿ ಒಣಗುತ್ತಿದೆ" ಎಂದು ಮತ್ತೆ ಕೇಳಿದಾಗ ಸಾರಜನಕದ ಕೊರತೆ ಇರಬಹುದೆಂದು ಉತ್ತರ ಬಂತು. ಸಾರಜನಕ ಹೆಚ್ಚಿದಷ್ಟೂ ಬೆಂಕಿ ರೋಗ ಉಲ್ಬಣಿಸುತ್ತದೆ. ಮುಂದೆ ತೆನೆಯ ಕುತ್ತಿಗೆಗೂ ರೋಗ ತಗುಲಿ ಕಾಳು ಜೊಳ್ಳಾಯಿತು. ಆ ತಾಕಿನಲ್ಲಿ ಅವರಿಗೆ ದಕ್ಕಿದ್ದು ಹೆಚ್ಚಾಗಿ ಹುಲ್ಲೇ.

ಇಂತಹ ಪೆಟ್ಟಿಗೆಗಳಲ್ಲಿ ಅಮೆಜಾನ್ ಎಕೋ 2017ರಲ್ಲಿಯೂ ಗೂಗಲ್ ಹೋಮ್ 2018ರಲ್ಲಿಯೂ ನಮ್ಮ ದೇಶದ ಪೇಟೆಗೆ ಬಂದವು. ಬೇರೆ ಕಂಪನಿಗಳವೂ ಇವೆ. ಮೊಬೈಲಿನಲ್ಲೂ ಮಾತನಾಡಿ ಕೇಳುವ ಸೌಲಭ್ಯವಿದೆ. "ಇವುಗಳಲ್ಲಿ ಯಾವುದು ಒಳ್ಳೆಯದು?" ಎಂದು ಹಲವರು ಕೇಳುತ್ತಾರೆ. ಒಂದು ಹೆಸರು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಬಿತ್ತನೆಗೆ ಮೊದಲು ಬೀಜದ ಮೊಳಕೆ ಪರೀಕ್ಷೆ ಮಾಡುವಂತೆ ಇವನ್ನೂ ನೀವೇ ಪರೀಕ್ಷಿಸಿ ನೋಡಬೇಕು. ಅದಕ್ಕೆ, ನಿಮಗೆ ಈಗಾಗಲೇ ಉತ್ತರ ಗೊತ್ತಿರುವ ಹತ್ತು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಪ್ರತಿಯೊಂದು ಯಂತ್ರಕ್ಕೂ ಅವನ್ನೇ ಕೇಳಿ. ಪ್ರಶ್ನೆಗಳು ನಾಲ್ಕು ಬಗೆಯವಾಗಿರಲಿ.

1. ಎಲ್ಲ ಕಡೆಯೂ ಒಂದೇ ಉತ್ತರವಿರುವವು: ಎಕರೆಗೆ ಎಷ್ಟು ಗುಂಟೆ? 40. ಯೂರಿಯಾದಲ್ಲಿ ಸಾರಜನಕ ಎಷ್ಟು? ಶೇ. 46. ಇವುಗಳಲ್ಲಿ ಯಂತ್ರಗಳು ತಪ್ಪುವುದು ಕಡಿಮೆ.

2. ಕಾಲಕ್ಕೆ ತಕ್ಕಂತೆ ಬದಲಾಗುವವು: ಒಂದು ಚೀಲ ಯೂರಿಯಾದಲ್ಲಿ ಎಷ್ಟು ಕಿಲೋ ಸಾರಜನಕವಿದೆ? 50 ಕಿಲೋ ಚೀಲವಿದ್ದಾಗ 23 ಕಿಲೋ ಇತ್ತು. 2018ರಿಂದ 45 ಕಿಲೋ ಚೀಲ ಬಂದಿರುವುದರಿಂದ ಈಗ 20.7 ಕಿಲೋ. 23 ಎಂದು ಹೇಳಿದರೆ ಅದು ಹಳೆಯ ಬರಹವನ್ನು ಒಪ್ಪಿಸುತ್ತಿದೆ ಎಂದು ತಿಳಿಯಿರಿ. ಹಾಗೆಯೇ ಗೇರಿನ ಟೀ ಸೊಳ್ಳೆಗೆ ಯಾವ ಔಷಧವೆಂದು ಕೇಳಿ. ಸುಪ್ರೀಂ ಕೋರ್ಟು 2011ರಲ್ಲಿ ನಿಷೇಧಿಸಿದ ಎಂಡೋಸಲ್ಫಾನ್ ಹೆಸರು ಬಂದರೆ ಆ ಯಂತ್ರವನ್ನು ಔಷಧದ ವಿಷಯಕ್ಕೆ ನಂಬಬೇಡಿ.

3. ಊರಿಗೆ ತಕ್ಕಂತೆ ಬದಲಾಗುವವು: ಹೊಸಹಳ್ಳಿ ಎಂಬ ಊರು ನಮ್ಮ ರಾಜ್ಯದ ಎಷ್ಟೋ ತಾಲ್ಲೂಕುಗಳಲ್ಲಿದೆ. "ನಾಳೆ ಹೊಸಹಳ್ಳಿಯಲ್ಲಿ ಮಳೆ ಬರುವುದೇ?" ಎಂದಾಗ "ಯಾವ ತಾಲ್ಲೂಕು?" ಎಂದು ಮರುಪ್ರಶ್ನೆ ಹಾಕುವ ಯಂತ್ರವೇ ಮೇಲು. ಬಿತ್ತನೆಯ ಕಾಲ, ತಳಿ, ಗೊಬ್ಬರದ ಪ್ರಮಾಣಗಳೂ ಇದೇ ಬಗೆಯವು. ನೀರಾವರಿಯೋ ಮಳೆಯಾಶ್ರಿತವೋ ಎಂದು ಕೇಳದೆ ರಾಗಿಗೆ ಗೊಬ್ಬರ ಹೇಳುವ ಉತ್ತರ ಅರೆಬರೆ ಉತ್ತರ.

4. ನಮ್ಮ ಮಾತಿನವು: "ಆರಿದ್ರಾ ಮಳೆ ಯಾವಾಗ ಹುಟ್ಟುತ್ತದೆ?" ಎಂದು ಕೇಳಿ. ಜೂನ್ 22ರ ಸುಮಾರು ಎನ್ನುವುದು ನಿಮಗೆ ಗೊತ್ತು. ತೊಗರಿಯ ಗೊಡ್ಡು ರೋಗ, ಭತ್ತದ ಬೆಂಕಿ ರೋಗ ಎಂದು ನಿಮ್ಮ ಬಾಯಿಮಾತಿನಲ್ಲೇ ಕೇಳಿ.

ಈಗ ಅಂಕ ಕೊಡುವ ಕ್ರಮ. ಸರಿಯುತ್ತರಕ್ಕೆ ಎರಡು ಅಂಕ. "ನನಗೆ ತಿಳಿಯದು" ಎಂದರೆ ಅಥವಾ ಊರು, ಜಮೀನಿನ ವಿವರ ಕೇಳಿದರೆ ಒಂದು ಅಂಕ. ತಪ್ಪನ್ನು ಖಚಿತವಾಗಿ ಹೇಳಿದರೆ ಎರಡು ಅಂಕ ಕಳೆಯಿರಿ. ತಿಳಿಯದು ಎನ್ನುವುದಕ್ಕೂ ಅಂಕವೇ ಎಂದು ನೀವು ಕೇಳಬಹುದು. ಯಂತ್ರವು ಸರಿಯನ್ನೂ ತಪ್ಪನ್ನೂ ಒಂದೇ ದನಿಯಲ್ಲಿ ಹೇಳುತ್ತದೆ. ಮನುಷ್ಯ ಅನುಮಾನವಿದ್ದರೆ ತಡವರಿಸುತ್ತಾನೆ, ಪೆಟ್ಟಿಗೆ ತಡವರಿಸುವುದಿಲ್ಲ. ಆ ಹಿರಿಯರಿಗೆ ಅಂದು "ತಿಳಿಯದು" ಎಂಬ ಉತ್ತರ ಬಂದಿದ್ದರೆ ಅವರು ಯೂರಿಯಾ ಎರಚುವ ಮೊದಲೇ ನಮ್ಮಲ್ಲಿಗೆ ಬರುತ್ತಿದ್ದರು.

ಈ ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಓದುಬರಹ ಬಾರದವರಿಗೂ ಮಾತಿನಲ್ಲಿ ಕೇಳುವ ಅನುಕೂಲ ದೊಡ್ಡದು. ಹೆಕ್ಟೇರಿನ ಲೆಕ್ಕವನ್ನು ಎಕರೆಗೆ ಇಳಿಸಲು, ಮೋಟಾರು ನಿಲ್ಲಿಸುವ ಹೊತ್ತನ್ನು ನೆನಪಿಸಲು ಇದನ್ನು ಧಾರಾಳವಾಗಿ ಬಳಸಿ. ಆದರೆ ರೋಗ, ಔಷಧ, ಗೊಬ್ಬರದ ಪ್ರಮಾಣ ಈ ಮೂರರಲ್ಲಿ ಅದರ ಮಾತಿನ ಮೇಲೆಯೇ ಹೊಲಕ್ಕೆ ಇಳಿಯಬಾರದು. ರೋಗ ತಗುಲಿದ ಗಿಡವನ್ನು ಬೇರು ಸಮೇತ ಕಿತ್ತು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸಿರಿ. ಹೋಗಲಾಗದಿದ್ದರೆ, 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರಿಗೆ 1800-180-1551 ಸಂಖ್ಯೆಯಲ್ಲಿ ಫೋನ್ ಮಾಡಬಹುದು. ಕರೆಗೆ ಹಣವಿಲ್ಲ, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲಿಯೇ ಕೇಳಬಹುದು.

ಪೆಟ್ಟಿಗೆ ಕೇಳಿದ್ದಕ್ಕೆ ಉತ್ತರ ಹೇಳುತ್ತದೆ. ನಿಮ್ಮ ಗದ್ದೆಯ ಗರಿಯನ್ನು ಅದು ನೋಡಿಲ್ಲ. ನೋಡಿದವರು ನೀವು. ಮನೆಯ ಮಕ್ಕಳನ್ನೂ ಕೂರಿಸಿಕೊಂಡು ಈ ಹತ್ತು ಪ್ರಶ್ನೆಗಳ ಪರೀಕ್ಷೆಯನ್ನು ಮುಂದಿನ ಬಿತ್ತನೆಗೆ ಮೊದಲೇ ಮಾಡಿ ನೋಡಿರಿ ಎಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.